ಗಾಡಿ ಬಿಟ್ಟ ಹುಡುಗನ ತಪ್ಪೇನು?

"ಒಬ್ಬನ ಕೈಯಾಗ ನಾಲ್ಕು ವರ್ಷ ನಿಂತು ದುಡಿಯಾಕ ಆಗಲಿಲ್ಲ ಅಂದ್ರ ನೀ ಎಂಥಾ ಡ್ರೈವರೋ ತಮ್ಮಾ?" ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಲಾರಿ ನಿಲ್ಲುವ ಕಡೆಯಲ್ಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಗ್ಯಾರೇಜಿನ ಮಿಸ್ತ್ರಿ ಹೇಳುತ್ತಾನೆ, ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತ ಹೇಳುತ್ತಾನೆ, ಜೀವಮಾನವಿಡೀ ಸ್ಟೇರಿಂಗ್ ಹಿಡಿದು ಬೆನ್ನುನೋವು ತಂದುಕೊಂಡ ಹಳೆಯ ಡ್ರೈವರರೂ ಹೇಳುತ್ತಾರೆ. ಹೆವಿ ಲೈಸನ್ಸ್ ಮಾಡಿಸಿ ವರ್ಷ ತುಂಬದ ಹುಡುಗ ಒಬ್ಬ ಮಾಲಕನ ಗಾಡಿಯಿಂದ ಇಳಿದು ಇನ್ನೊಬ್ಬನ ಗಾಡಿ ಹತ್ತಿದರೆ ಸಾಕು, ಇವನು ನಿಲ್ಲುವವನಲ್ಲ ಎಂಬ ಹೆಸರು ಅವನಿಗಿಂತ ಮೊದಲೇ ಮುಂದಿನ ಊರು ಮುಟ್ಟಿರುತ್ತದೆ. ಯಾಕೆ ಇಳಿದ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ತೀರ್ಪು ಬುಡದಿಂದಲೇ ತಪ್ಪು. ಹುಡುಗನ ಪಗಾರಕ್ಕೆ ಪೆಟ್ಟು ಬೀಳುವುದಷ್ಟೇ ಇದರ ಫಲವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದರಿಂದ ರಸ್ತೆಯ ಮೇಲೆ ಜೀವಗಳು ಹೋಗುತ್ತವೆ. ಅನುಭವ ಕಡಿಮೆ ಇರುವ ಡ್ರೈವರನಿಗೆ ಮೊದಲ ಎರಡು ಮೂರು ವರ್ಷ ಕೈಯಲ್ಲಿರುವ ರಕ್ಷಣೆ ಒಂದೇ: ಕೆಟ್ಟ ಗಾಡಿಯನ್ನೂ ಕೆಟ್ಟ ಮಾಲಕನನ್ನೂ ಬಿಟ್ಟು ಹೋಗುವ ಸ್ವಾತಂತ್ರ್ಯ. ಅದನ್ನೇ ನಾವು ಅವಗುಣವೆಂದು ಹಣೆಪಟ್ಟಿ ಹಚ್ಚಿ ಅವನಿಂದ ಕಸಿದುಕೊಂಡಿದ್ದೇವೆ.

ಮೊದಲು ಅವನು ಡ್ರೈವರ್ ಆಗುವ ದಾರಿ ನೋಡಿ. ಹದಿನೆಂಟಕ್ಕೆ ಸಣ್ಣ ಗಾಡಿಯ ಲೈಸನ್ಸ್ ಸಿಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗದೆ ಸಾರಿಗೆ ವಾಹನಕ್ಕೆ ಎಲ್‌ಎಲ್ಆರ್ ಕೂಡ ಕೊಡುವಂತಿಲ್ಲ. ಇಪ್ಪತ್ತು ತುಂಬದೆ ಸಾರ್ವಜನಿಕ ರಸ್ತೆಯಲ್ಲಿ ಅಂಥ ವಾಹನ ಓಡಿಸುವಂತಿಲ್ಲ. ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದರು. ಅದರಿಂದ ಬಡವರ ಮನೆಯ ಹುಡುಗರಿಗೆ ಅನುಕೂಲವಾಗಿದೆ, ಸಂತೋಷ. ಆಮೇಲೆ ಡ್ರೈವಿಂಗ್ ಸ್ಕೂಲು. ಕೇಂದ್ರದ ನಿಯಮಾವಳಿ ಸಾರಿಗೆ ವಾಹನದ ತರಬೇತಿಗೆ ಕೇಳುವುದು 30 ದಿನ, ಅದರಲ್ಲಿ ನಿಜವಾಗಿ ಗಾಡಿ ಓಡಿಸುವುದು ಕನಿಷ್ಠ 15 ಗಂಟೆ. ಆ ಹದಿನೈದು ಗಂಟೆ ಸಾಮಾನ್ಯವಾಗಿ ಖಾಲಿ ಗಾಡಿಯಲ್ಲಿ, ಹಗಲು ಹೊತ್ತಿನಲ್ಲಿ, ಊರ ಹೊರಗಿನ ಸಮ ರಸ್ತೆಯಲ್ಲಿ ಕಳೆಯುತ್ತದೆ. ಲೋಡ್ ಗಾಡಿ ಇಳಿಜಾರಿನಲ್ಲಿ ಹೇಗೆ ತಳ್ಳುತ್ತದೆ, ಮಳೆಗಾಲದ ರಾತ್ರಿ ಎದುರು ಬೆಳಕು ಕಣ್ಣಿಗೆ ಹೇಗೆ ಹೊಡೆಯುತ್ತದೆ, ಏರ್ ಕಡಿಮೆಯಾದಾಗ ಬ್ರೇಕಿನ ಪೆಡಲ್ ಕಾಲಿಗೆ ಏನು ಹೇಳುತ್ತದೆ ಎಂಬುದೊಂದೂ ಆ ಹದಿನೈದು ಗಂಟೆಯಲ್ಲಿ ಬರುವುದಿಲ್ಲ.

ಹಾಗಾದರೆ ಅವನ ನಿಜವಾದ ಶಾಲೆ ಯಾವುದು? ಮೊದಲು ಹತ್ತಿದ ಗಾಡಿ. ಅವನ ಮೇಷ್ಟ್ರು ಯಾರು? ಆ ಗಾಡಿಯ ಮಾಲಕ, ಜೊತೆಗೆ ಹೋಗುವ ಹಿರಿಯ ಡ್ರೈವರ್ ಇದ್ದರೆ ಅವನು. ಟೈರ್ ಸವೆದರೆ "ಇನ್ನೊಂದು ಟ್ರಿಪ್ ನಡಿತೈತಿ ಬಿಡ್ರಿ" ಅನ್ನುವ ಮಾಲಕನ ಹತ್ತಿರ ಹುಡುಗ ಕಲಿಯುವುದು ಸವೆದ ಟೈರಿನಲ್ಲಿ ಓಡಿಸುವುದನ್ನೇ. ಅದು ಅವನಿಗೆ ರೂಢಿಯಾಗುತ್ತದೆ, ರೂಢಿಯಾದದ್ದು ಸರಿ ಅನ್ನಿಸತೊಡಗುತ್ತದೆ. ಮಗನನ್ನು ಶಾಲೆಗೆ ಹಾಕಿದ ಮೇಲೆ ಮೇಷ್ಟ್ರು ಸರಿಯಿಲ್ಲ ಎಂದು ಗೊತ್ತಾದರೆ ತಂದೆ ಶಾಲೆ ಬದಲಿಸುತ್ತಾನೆ. ಅದೇ ಮಗ ಲಾರಿ ಹತ್ತಿದ ಮೇಲೆ ಅದೇ ತಂದೆ "ತಡಕೊಂಡಿರು" ಅನ್ನುತ್ತಾನೆ. ಹದಿನಾಲ್ಕು ಗಾಲಿಯ ಗಾಡಿ ತಪ್ಪಿದರೆ ಆಗುವ ಅನಾಹುತ ಪರೀಕ್ಷೆಯಲ್ಲಿ ನಪಾಸಾಗುವುದಕ್ಕಿಂತ ಎಷ್ಟು ದೊಡ್ಡದೆಂದು ಅವನಿಗೆ ಬಿಡಿಸಿ ಹೇಳಬೇಕೆ?

ಈ ಸೀಮೆಯ ಲಾರಿ ಕೆಲಸದ ಸ್ವಭಾವ ಗೊತ್ತಿದ್ದವರಿಗೆ ನಿಷ್ಠೆಯ ಮಾತು ಇನ್ನೂ ವಿಚಿತ್ರವಾಗಿ ಕೇಳಿಸಬೇಕು. ಘಟಪ್ರಭೆಯ ಎರಡೂ ದಂಡೆಗೆ ಕಬ್ಬು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಬೆಲ್ಲದ ಬಾಗೇವಾಡಿಯಲ್ಲಿ ವಿಶ್ವರಾಜ, ಗೋಕಾಕ ತಾಲೂಕಿನಲ್ಲಿ ಘಟಪ್ರಭಾ ಸಹಕಾರಿ, ಹುಣಶ್ಯಾಳ ಪಿ.ಜಿ.ಯಲ್ಲಿ ಸತೀಶ್ ಶುಗರ್ಸ್. ದೀಪಾವಳಿಯ ಆಸುಪಾಸಿಗೆ ಹಂಗಾಮು ಶುರುವಾದರೆ ಬೇಸಗೆ ಬರುವ ಹೊತ್ತಿಗೆ ನುರಿಸುವುದು ಮುಗಿಯುತ್ತದೆ. ಹೊಸ ಹುಡುಗರಲ್ಲಿ ಬಹಳ ಜನ ಮೊದಲು ಕಬ್ಬಿನ ಟ್ರ್ಯಾಕ್ಟರ್ ಓಡಿಸಿ, ಆಮೇಲೆ ಕಬ್ಬಿನ ಲಾರಿಗೆ ಬರುತ್ತಾರೆ. ಹಂಗಾಮು ಮುಗಿದ ದಿನ ಏನಾಗುತ್ತದೆ? ಮಾಲಕ ಗಾಡಿಯನ್ನು ಶೆಡ್ಡಿಗೆ ಹಚ್ಚಿ, "ಮುಂದ ಹೇಳಿ ಕಳಸ್ತೀನಿ, ಈಗ ಮನಿಗೆ ಹೋಗು" ಅನ್ನುತ್ತಾನೆ. ಆ ತಿಂಗಳುಗಳ ಪಗಾರದ ಪ್ರಶ್ನೆ ಏಳುವುದೇ ಇಲ್ಲ. ಕೆಲಸ ಇಲ್ಲದ ಕಾಲಕ್ಕೆ ಹುಡುಗನನ್ನು ಬಿಟ್ಟು ಕೊಡುವುದು ವ್ಯವಹಾರ, ಕೆಲಸ ಇರುವ ಕಾಲಕ್ಕೆ ಹುಡುಗನೇ ಬಿಟ್ಟು ಹೋದರೆ ದ್ರೋಹ! ಹೀಗೆ ಒಂದೇ ಕೆಲಸಕ್ಕೆ ಎರಡು ಹೆಸರು ಕೊಡುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ವರ್ಷದ ಅರ್ಧ ಭಾಗ ನಿನ್ನನ್ನು ಇಟ್ಟುಕೊಳ್ಳುವ ಹೊಣೆ ನನಗಿಲ್ಲ ಅನ್ನುವವನು ಇಡೀ ವರ್ಷದ ನಿಷ್ಠೆ ಕೇಳುವ ಹಕ್ಕನ್ನು ತಾನೇ ಕಳಕೊಂಡಿದ್ದಾನೆ.

ಇದೇ ನೆಲದಲ್ಲಿ ಕಬ್ಬು ಬೆಳೆಯುವವರ ನಡೆ ನೋಡಿ. ಈ ಹಂಗಾಮಿನಲ್ಲಿ ಯಾವ ಕಾರ್ಖಾನೆ ಬೇಗ ಬಿಲ್ ಕೊಡುತ್ತದೆ, ಯಾರ ಕಾಟಾ ಸರಿ ಇದೆ, ಯಾರ ದರ ಹೆಚ್ಚು ಎಂದು ತೂಗಿ ನೋಡಿ ಕಬ್ಬು ಕಳಿಸುತ್ತಾರೆ. ಹೋದ ವರ್ಷ ಒಂದು ಕಾರ್ಖಾನೆಗೆ, ಈ ವರ್ಷ ಇನ್ನೊಂದಕ್ಕೆ. ಗಡಿ ದಾಟಿ ಮಹಾರಾಷ್ಟ್ರದ ಕಾರ್ಖಾನೆಗೂ ಕಬ್ಬು ಹೋಗುತ್ತದೆ. ಅವರನ್ನು ಯಾರೂ ನಿಯತ್ತಿಲ್ಲದವರು ಅನ್ನುವುದಿಲ್ಲ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಕೂತರು. ಹುಕ್ಕೇರಿ ತಾಲೂಕಿನ ಹತ್ತರಗಿ ಟೋಲ್ ಹತ್ತಿರ ಹೆದ್ದಾರಿಯೇ ನಿಂತಿತು. ನವೆಂಬರ್ 7ಕ್ಕೆ ಸರಕಾರ 3,300 ರೂಪಾಯಿಗೆ ಬಂತು. ಕೊಡುವುದಿಲ್ಲ ಅನ್ನುವ ಶಕ್ತಿ ತಮ್ಮ ಕೈಯಲ್ಲಿದ್ದುದರಿಂದಲೇ ಅವರು ಅಷ್ಟನ್ನಾದರೂ ಪಡೆದರು. ಆ ಹೋರಾಟದ ಬೆನ್ನಿಗೆ ನಿಂತ ನಾವು, ಅದೇ ಕಬ್ಬು ಹೊರುವ ಲಾರಿಯ ಹುಡುಗ "ಈ ಪಗಾರಕ್ಕ ಬರಂಗಿಲ್ಲ" ಅಂದರೆ ಮುಖ ತಿರುಗಿಸುತ್ತೇವೆ.

ಮಾಲಕರ ನಡೆಯೂ ಬೇರೆಯಲ್ಲ. ಒಂದು ಟ್ರಾನ್ಸ್‌ಪೋರ್ಟಿನವರು ಬಾಡಿಗೆ ಕಡಿಮೆ ಮಾಡಿದರೆ, ಬಿಲ್ ತಡ ಮಾಡಿದರೆ, ಗಾಡಿಯನ್ನು ಮಾರನೆಯ ದಿನವೇ ಇನ್ನೊಂದು ಟ್ರಾನ್ಸ್‌ಪೋರ್ಟಿಗೆ ಹಚ್ಚುತ್ತಾರೆ. ಹಾಗೆ ಮಾಡದವನನ್ನು ವ್ಯವಹಾರ ಗೊತ್ತಿಲ್ಲದವನು ಅನ್ನುತ್ತಾರೆ. ನಾನು ಇದನ್ನು ತಪ್ಪೆನ್ನುವುದಿಲ್ಲ, ಡೀಸೆಲ್, ಟೈರು, ವಿಮೆ, ಸಾಲದ ಕಂತು ಎಲ್ಲ ಹೊತ್ತವನು ಲಾಭ ನೋಡಬೇಕು. ಆದರೆ ತನಗಿರುವ ಸ್ವಾತಂತ್ರ್ಯವನ್ನು ತನ್ನ ಡ್ರೈವರನಿಗೆ ನಿರಾಕರಿಸಲು ಅವನಿಗೆ ಆಧಾರವೇನು?

ಈಗ ಲೋಡಿನ ಮಾತಿಗೆ ಬರುತ್ತೇನೆ, ಇಲ್ಲಿಯೇ ಈ ವಾದದ ಜೀವ ಇದೆ. ಹತ್ತು ಗಾಲಿಯ ಗಾಡಿಯ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿದರು. ಏರಿಸಿದ ಮೇಲೂ ಕಬ್ಬಾಗಲಿ, ಮರಳಾಗಲಿ, ಕಲ್ಲಾಗಲಿ, ಮಿತಿ ಮೀರಿ ತುಂಬುವ ಚಟ ನಿಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೆಚ್ಚುವರಿ ಲೋಡಿಗೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಐದು ಟನ್ ಹೆಚ್ಚಿದ್ದರೆ 30,000. ಹೊಸ ಡ್ರೈವರನ ತಿಂಗಳ ಪಗಾರ ಅದರ ಹತ್ತಿರವೂ ಸುಳಿಯುವುದಿಲ್ಲ. ದಂಡವನ್ನು ಬಹಳ ಸಲ ಮಾಲಕನೇ ಕಟ್ಟುತ್ತಾನೆ, ಒಪ್ಪುತ್ತೇನೆ. ಆದರೆ ಲೈಸನ್ಸ್ ಯಾರದು? ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿಯೇ ಓವರ್‌ಲೋಡಿಗೆ ಕನಿಷ್ಠ ಮೂರು ತಿಂಗಳು ಲೈಸನ್ಸ್ ಅಮಾನತು ಮಾಡಬೇಕೆಂದು ರಾಜ್ಯಗಳಿಗೆ ಹೇಳಿತು. ಅಮಾನತಾಗುವುದು ಹುಡುಗನ ಲೈಸನ್ಸ್, ಮಾಲಕನ ಪರ್ಮಿಟ್ಟಿಗೆ ಮರುದಿನವೇ ಬೇರೆ ಡ್ರೈವರ್ ಸಿಗುತ್ತಾನೆ.

ಕಾಯ್ದೆ ಬರೆದವರಿಗೆ ಇದು ಗೊತ್ತಿರಲಿಲ್ಲ ಅನ್ನುವಂತಿಲ್ಲ. 113ನೇ ಕಲಮಿನಲ್ಲಿ ಒಂದು ಮಾತಿದೆ: ಓವರ್‌ಲೋಡ್ ಗಾಡಿ ಓಡಿಸಿದ ಡ್ರೈವರ್ ಅದರ ಮಾಲಕನಲ್ಲದಿದ್ದರೆ, ಮಾಲಕನಿಗೆ ಗೊತ್ತಿದ್ದೇ ಅಥವಾ ಅವನ ಹುಕುಮಿನಿಂದಲೇ ಅದು ನಡೆಯಿತೆಂದು ಕೋರ್ಟು ಭಾವಿಸಬಹುದು. ಅಂದರೆ ತುಂಬಿಸಿದವರು ಯಾರು ಎಂಬುದು ಸಂಸತ್ತಿಗೂ ಗೊತ್ತು. ಗೊತ್ತಿಲ್ಲದವರಂತೆ ಮಾತಾಡುವವರು ನಾವು. "ಲೋಡ್ ಜಾಸ್ತಿ ಆತ್ರಿ ಸಾವ್ಕಾರ್ರ, ಬ್ರೇಕ್ ಹಿಡಿಯಂಗಿಲ್ಲ" ಎಂದು ಹೊಸ ಹುಡುಗ ಹೇಳಿದರೆ ಅವನಿಗೆ ಬರುವ ಉತ್ತರ ಎಲ್ಲರಿಗೂ ಗೊತ್ತಿದೆ: "ನಿನ್ನೆ ಬಂದಾಂವಾ ನನಗ ಹೇಳಾಕ ಬರ್ತಿ?" ಅಲ್ಲಿಗೆ ಅವನ ಮುಂದೆ ಉಳಿಯುವುದು ಎರಡೇ ದಾರಿ. ಕೀಲಿ ಮೇಜಿನ ಮೇಲಿಟ್ಟು ಇಳಿಯಬೇಕು, ಇಲ್ಲವೆ ಹತ್ತಿ ಹೋಗಬೇಕು. ಇಳಿದರೆ ಹೆಸರು ಕೆಡುತ್ತದೆ ಎಂದು ನಾವೆಲ್ಲ ಸೇರಿ ಹೆದರಿಸಿರುವುದರಿಂದ ಅವನು ಹತ್ತಿ ಹೋಗುತ್ತಾನೆ. ಆ ಗಾಡಿಯ ಮುಂದೆ ಬೈಕಿನ ಮೇಲೆ ಹೋಗುತ್ತಿರುವವರು ನಮ್ಮವರೇ, ಶಾಲೆಯಿಂದ ಬರುವ ಮಕ್ಕಳು ನಮ್ಮವರೇ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಎಷ್ಟು ಜನ ಇಂಥ ಒಂದು ಮೌನಕ್ಕೆ ಬಲಿಯಾದರೋ ಲೆಕ್ಕವಿಟ್ಟವರಿಲ್ಲ.

ನಿದ್ದೆಯ ವಿಷಯವೂ ಹೀಗೇ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಸತತ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ದೂರದ ಓಟಕ್ಕೆ ದಿನಕ್ಕೆ ಹತ್ತು ಗಂಟೆಯವರೆಗೆ ಸಡಿಲಿಕೆ ಇತ್ತು. ಒಳ್ಳೆಯ ಕಾಯ್ದೆಯೇ. ಆದರೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಂಹಿತೆಯಲ್ಲಿ ಎಂಟು ಗಂಟೆಯ ಮಿತಿ ಉಳಿಯಿತು, ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕೆಂಬ ಒಳ್ಳೆಯ ಮಾತೂ ಸೇರಿತು, ಆದರೆ ಕೆಲಸಗಾರರ ಸಂಖ್ಯೆಯ ಮಿತಿ ಹತ್ತಕ್ಕೆ ಏರಿತು. ನಮ್ಮ ಮೂರೂ ತಾಲೂಕುಗಳಲ್ಲಿ ಹೊಸಬನಿಗೆ ಮೊದಲ ಗಾಡಿ ಕೊಡುವವರು ಹೆಚ್ಚಾಗಿ ಒಂದೋ ಎರಡೋ ಗಾಡಿ ಇಟ್ಟವರು. ಕಾಯ್ದೆಯ ನೆರಳು ಅವರ ಅಂಗಳ ಮುಟ್ಟುವುದೇ ಇಲ್ಲ. ಯೂನಿಯನ್ನಿನ ಬಲವೂ ಹಳ್ಳಿಯ ಹುಡುಗನಿಗಿಲ್ಲ, ಕೋರ್ಟಿಗೆ ಹೋಗುವ ಶಕ್ತಿಯಂತೂ ದೂರದ ಮಾತು. ಪುಣೆಗೆ ಹೋಗಿ ಖಾಲಿ ಮಾಡಿ, ರಿಟರ್ನ್ ಲೋಡ್ ತುಂಬಿಸಿ, ಸಂಕೇಶ್ವರ ಮುಟ್ಟಿದೊಡನೆ "ಇನ್ನೊಂದು ಲೋಡ್ ಐತಿ, ಹಂಗ ಹೊಂಡು" ಎಂದು ಫೋನ್ ಬಂದಾಗ ಕಣ್ಣು ಮುಚ್ಚುತ್ತಿರುವ ಹುಡುಗನ ಪಾಲಿಗೆ "ನಾ ಬರಂಗಿಲ್ಲ" ಅನ್ನುವ ಧೈರ್ಯವೊಂದೇ ಕಾಯ್ದೆ. ಕೆಲಸ ಹೋದರೂ ಇನ್ನೊಂದು ಸಿಗುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಆ ಧೈರ್ಯ ಬರುತ್ತದೆ.

ಕೆಲಸವಂತೂ ಇದೆ. ದೇಶದಲ್ಲಿ 22 ಲಕ್ಷ ಡ್ರೈವರರ ಕೊರತೆ ಇದೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಹೇಳಿದ್ದಾರೆ. ಡ್ರೈವರ್ ಸಿಗುವುದಿಲ್ಲ ಎಂದು ನಮ್ಮ ಮಾಲಕರೂ ದಿನಾ ಗೋಳಾಡುತ್ತಾರೆ. ಅಷ್ಟು ಕೊರತೆ ಇದ್ದಲ್ಲಿ ಪಗಾರ ಏರಬೇಕಿತ್ತು, ಗಾಡಿಯ ಸ್ಥಿತಿ ಸುಧಾರಿಸಬೇಕಿತ್ತು. ಹಾಗಾಗದೆ ಇರುವುದಕ್ಕೆ ಹುಡುಗರನ್ನು ಕಟ್ಟಿಹಾಕುವ ಎರಡು ಹಗ್ಗಗಳೂ ಕಾರಣ.

ಒಂದು, ಉಚಲ್. ಕಬ್ಬು ಕಡಿಯುವ ಗ್ಯಾಂಗಿಗೆ ಕೊಡುವಂತೆ ಡ್ರೈವರನಿಗೂ ಮೊದಲೇ ಒಂದಿಷ್ಟು ಹಣ ಕೊಟ್ಟುಬಿಡುತ್ತಾರೆ. ತಂಗಿಯ ಮದುವೆ, ಅಪ್ಪನ ಆಸ್ಪತ್ರೆ, ಲೈಸನ್ಸಿಗಾಗಿ ಮಾಡಿದ ಸಾಲ, ಯಾವುದೋ ಒಂದು ಕಾರಣ ಇದ್ದೇ ಇರುತ್ತದೆ. ಕೊಡುವಾಗ ಉಪಕಾರ, ಬಿಡುವಾಗ ಸರಪಳಿ. ಪಗಾರದಲ್ಲಿ ತಿಂಗಳಿಗೆ ಇಷ್ಟು ಎಂದು ಹಿಡಿಯುವ ಕರಾರೇನೂ ಇರುವುದಿಲ್ಲ. ಬಿಟ್ಟು ಹೋಗುತ್ತೇನೆ ಅಂದ ದಿನವೇ ಪೂರ್ತಿ ಇಡಬೇಕು. ನಡುವೆ ಒಡೆದ ಕನ್ನಡಿ, ಹರಿದ ತಾಡಪತ್ರಿ, ಕಡಿಮೆ ಬಂದ ಆವರೇಜಿನ ಡೀಸೆಲ್ ಎಲ್ಲ ಆ ಲೆಕ್ಕಕ್ಕೆ ಸೇರಿ ಬಾಕಿ ಕರಗುವ ಬದಲು ಬೆಳೆಯುವುದೂ ಉಂಟು. ಮುಂಗಡ ತೆಗೆದುಕೊಂಡ ಕಾರಣಕ್ಕೆ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನೇ ಕಿತ್ತುಕೊಳ್ಳುವುದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ ಎಂಬುದನ್ನು ಉಚಲ್ ಕೊಡುವವರೂ ತಿಳಿಯಬೇಕು, ಪಡೆಯುವವರೂ ತಿಳಿಯಬೇಕು. ಪಡೆದ ಹಣ ಸಾಲ. ಸಾಲವನ್ನು ತೀರಿಸಬೇಕು, ತೀರಿಸದೆ ಫೋನ್ ಬಂದ್ ಮಾಡಿ ಹೋಗುವವರ ಪರವಾಗಿ ನಾನು ಒಂದಕ್ಷರವೂ ಬರೆಯುವುದಿಲ್ಲ. ಆದರೆ ಸಾಲ ತೀರಿಸುವ ಕಂತನ್ನು ಬೇರೆ ಗಾಡಿಯಲ್ಲಿ ದುಡಿದೂ ಕಟ್ಟಬಹುದು. ಸಾಲಕ್ಕೆ ಮನುಷ್ಯನನ್ನೇ ಒತ್ತೆ ಇಟ್ಟುಕೊಳ್ಳುವ ಕಾಲ ಮುಗಿದು ಸುಮಾರು ಐವತ್ತು ವರ್ಷವಾಯಿತು.

ಎರಡನೆಯದು ಲೈಸನ್ಸ್. ಒರಿಜಿನಲ್ ಲೈಸನ್ಸನ್ನು ಮಾಲಕ ತನ್ನ ಕಪಾಟಿನಲ್ಲಿ ಇಟ್ಟುಕೊಂಡು ಜೆರಾಕ್ಸ್ ಕೊಟ್ಟು ಕಳಿಸುವ ಪದ್ಧತಿ ಇನ್ನೂ ಇದೆ. ಇದಕ್ಕೆ ಯಾವ ಕಾಯ್ದೆಯ ಬೆಂಬಲವೂ ಇಲ್ಲ. 2018ರಿಂದ ಡಿಜಿಲಾಕರ್, ಎಂ-ಪರಿವಾಹನ್ ಆ್ಯಪ್‌ಗಳಲ್ಲಿ ತೋರಿಸುವ ಲೈಸನ್ಸಿಗೂ ಕಾನೂನಿನ ಮಾನ್ಯತೆ ಇದೆ. ಮೊಬೈಲ್ ಕೈಯಲ್ಲಿದ್ದರೆ ಲೈಸನ್ಸ್ ಕೈಯಲ್ಲಿದ್ದಂತೆ, ಗೋಕಾಕ ಆರ್‌ಟಿಒ ಕೊಟ್ಟ ಲೈಸನ್ಸನ್ನು ಬೇರೆಯವರ ಕಪಾಟಿಗೆ ಬಿಟ್ಟುಕೊಡುವ ಅಗತ್ಯ ಯಾವ ಹುಡುಗನಿಗೂ ಇಲ್ಲ.

ಎದುರು ವಾದಗಳನ್ನು ಬಿಟ್ಟು ಹೋಗಲಾರೆ, ಅವುಗಳಲ್ಲಿ ಬಲವಾದದ್ದು ಒಂದಿದೆ. ನಿಂತರೆ ತಾನೇ ಕಲಿಯುವುದು, ಒಂದೇ ಗಾಡಿಯ ಗೇರು, ಕ್ಲಚ್ಚು, ಅದರ ಸದ್ದು ಕೈಗೆ ಕಿವಿಗೆ ಹತ್ತಲು ಕಾಲ ಬೇಕು ಅನ್ನುತ್ತಾರೆ ಹಿರಿಯರು. ನಿಜ. ತಿಂಗಳಿಗೊಂದು ಗಾಡಿ ಬದಲಿಸುವವನು ಯಾವ ಗಾಡಿಯನ್ನೂ ತಿಳಿಯುವುದಿಲ್ಲ. ಒಳ್ಳೆಯ ಮಾಲಕ, ಸುಸ್ಥಿತಿಯ ಗಾಡಿ, ಜೊತೆಗೊಬ್ಬ ಬಲ್ಲ ಹಿರಿಯ ಸಿಕ್ಕಿದ್ದರೆ ಐದಾರು ನೂರು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಬಿಡುವುದು ಮೂರ್ಖತನ, ಅದನ್ನು ನಾನೂ ಹುಡುಗರಿಗೆ ಹೇಳುತ್ತೇನೆ. ಆದರೆ ಹಿರಿಯರ ಮಾತು ಒಂದನ್ನು ಮರೆಯುತ್ತದೆ. ಕಬ್ಬಿನ ಲಾರಿ ಓಡಾಡುವುದು ಹೊಲದಿಂದ ಕಾರ್ಖಾನೆಗೆ, ಕೆಲವೇ ಮೈಲಿ, ಬಹಳ ಹೊತ್ತು ಕಾರ್ಖಾನೆಯ ಮುಂದೆ ಪಾಳಿಯಲ್ಲಿ ನಿಲ್ಲುವುದು. ಅದರಲ್ಲಿ ಎಷ್ಟು ಹಂಗಾಮು ದುಡಿದರೂ ಚೋರ್ಲಾ ಘಾಟಿನಲ್ಲಿ ಲೋಡ್ ಗಾಡಿ ಇಳಿಸುವ ವಿದ್ಯೆ ಬರುವುದಿಲ್ಲ. ಅರಬೈಲು ಘಾಟಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ, ಮೇಲಿಂದಲೇ ಚಿಕ್ಕ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಸಬೇಕು ಎಂಬುದನ್ನು ಬಲ್ಲವನ ಪಕ್ಕ ಕೂತೇ ಕಲಿಯಬೇಕು. ಯಾದವಾಡದ ಸಿಮೆಂಟ್ ಕಾರ್ಖಾನೆಯಿಂದ ಹೊರಡುವ ಬಲ್ಕರಿನ ತೂಕ ತಿರುವಿನಲ್ಲಿ ಬೇರೆ ರೀತಿ ವಾಲುತ್ತದೆ. ಸಕ್ಕರೆ ಚೀಲದ ಲೋಡಿಗೆ ತಾಡಪತ್ರಿ ಕಟ್ಟುವ ಕೆಲಸ ಬೇರೆ, ಟಿಪ್ಪರ್ ಎತ್ತುವಾಗ ನೆಲ ಗಟ್ಟಿಯಿದೆಯೇ ಎಂದು ನೋಡುವ ಕಣ್ಣು ಬೇರೆ. ಹೊಸಬ ಇವನ್ನೆಲ್ಲ ಕಲಿಯಬೇಕಾದರೆ ಕೆಲಸ ಬದಲಿಸಲೇಬೇಕು, ಒಂದೇ ಗಾಡಿ ಇರುವ ಮಾಲಕ ಇಷ್ಟನ್ನೂ ಕಲಿಸಲಾರ. ಕಬ್ಬಿನ ಹಂಗಾಮು ಮುಗಿಸಿ, ಆಮೇಲೆ ಹೆದ್ದಾರಿಯ ಗಾಡಿಗೆ ಎರಡನೇ ಡ್ರೈವರಾಗಿ ಹೋಗಿ, ಅಲ್ಲಿ ಒಂದಿಷ್ಟು ಕಾಲ ಕಳೆದು ಸ್ವಂತ ಜವಾಬ್ದಾರಿಯ ಗಾಡಿ ಹಿಡಿಯುವವನು ಕ್ರಮವಾಗಿ ಮೆಟ್ಟಿಲು ಹತ್ತುತ್ತಿದ್ದಾನೆ. ಅವನನ್ನು ಚಂಚಲ ಅನ್ನುವವರಿಗೆ ಈ ಕೆಲಸದ ಒಳಗು ಗೊತ್ತಿಲ್ಲ.

ಮಾಲಕರದ್ದೂ ಒಂದು ಅಹವಾಲಿದೆ: ಲಕ್ಷಗಟ್ಟಲೆ ಬೆಲೆಯ ಗಾಡಿಯನ್ನು ಹೊಸಬನ ಕೈಗೆ ಕೊಟ್ಟು, ಅವನು ಕಲಿಯುವಾಗ ಆದ ಡೆಂಟು, ಸುಟ್ಟ ಕ್ಲಚ್ ಪ್ಲೇಟು ಎಲ್ಲ ಸಹಿಸಿದ್ದು ನಾವು, ಕೈ ಪಳಗಿದ ಮೇಲೆ ಇನ್ನೊಬ್ಬ ಕರೆದುಕೊಂಡು ಹೋಗುತ್ತಾನೆ. ಈ ನೋವು ಸುಳ್ಳಲ್ಲ. ಅದಕ್ಕೆ ಪರಿಹಾರ ಕೈ ಪಳಗಿದವನಿಗೆ ಪಳಗಿದ ಕೈಯ ಪಗಾರ ಕೊಡುವುದು. ಹೊಸಬನೆಂದು ಕಡಿಮೆಗೆ ಇಟ್ಟುಕೊಂಡು, ವರ್ಷ ಕಳೆದ ಮೇಲೂ ಹೊಸಬನ ಪಗಾರವನ್ನೇ ಮುಂದುವರಿಸಿದರೆ ಅವನು ಹೋಗುತ್ತಾನೆ, ಹೋಗಬೇಕು. ಲೋಡಾದ ಗಾಡಿಯನ್ನು ನಡುದಾರಿಯಲ್ಲಿ ಬಿಟ್ಟು ಹೋಗುವುದು ಮಾತ್ರ ಎಂದಿಗೂ ತಪ್ಪು. ಟ್ರಿಪ್ ಮುಗಿಸಿ, ಬಿಲ್ಟಿ, ಕಾಗದಪತ್ರ, ಟೋಲಿನ ಲೆಕ್ಕ ಒಪ್ಪಿಸಿ, ಮುಖ ನೋಡಿ ಹೇಳಿ ಹೋಗಬೇಕು. ಮಾಲಕನಿಗೆ ಇನ್ನೊಬ್ಬನನ್ನು ಹುಡುಕಲು ಒಂದಿಷ್ಟು ದಿನ ಕೊಡಬೇಕು.

ನಿಷ್ಠೆ ಬೆಲೆಯಿಲ್ಲದ್ದೆಂದು ನಾನು ಹೇಳುತ್ತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಲಾರಿಯೊಂದು ಗಂಗಾವಳಿ ನದಿಯ ಪಾಲಾಯಿತು. ಡ್ರೈವರನ ದೇಹ ಗಾಡಿಯೊಂದಿಗೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಆ ಎರಡು ತಿಂಗಳಿಗೂ ಹೆಚ್ಚು ಕಾಲ ಹುಡುಕಾಟ ನಿಲ್ಲದಂತೆ ಬೆನ್ನು ಹತ್ತಿದವರಲ್ಲಿ ಲಾರಿಯ ಮಾಲಕನೂ ಇದ್ದ. ನಿಷ್ಠೆ ಎಂಬುದು ಮಾಲಕನಿಂದ ಡ್ರೈವರನ ಕಡೆಗೂ ಹರಿಯಬಲ್ಲದು ಎಂಬುದಕ್ಕೆ ನಮ್ಮ ನೆರೆ ಜಿಲ್ಲೆಯಲ್ಲೇ ನಡೆದ ಉದಾಹರಣೆ ಅದು. ಇನ್ನೊಂದು ಕಡೆ, ಅಪಘಾತವಾದ ಕೂಡಲೇ "ಅವ ನಮ್ಮ ಡ್ರೈವರ್ ಅಲ್ಲ, ಅವತ್ತೊಂದಿನ ಬದಲಿಗೆ ಬಂದಿದ್ದ" ಎಂದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಕೆಲಸದಲ್ಲಿ ಗಾಯವಾದ ಡ್ರೈವರನಿಗೆ ಮಾಲಕ ಪರಿಹಾರ ಕೊಡಬೇಕೆಂಬುದು 1923ರಿಂದ ಈ ದೇಶದ ಕಾನೂನಿನಲ್ಲಿದೆ. ಆದರೆ ತಾನು ಇವನ ಹತ್ತಿರ ಕೆಲಸಕ್ಕಿದ್ದೆ ಎಂದು ತೋರಿಸಲು ಹುಡುಗನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಅಪಘಾತದ ಭಯದ ಬಗ್ಗೆ ಒಂದು ಮಾತು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಎರಡನೇ ಭಾಗ ಅಪಘಾತ ಮಾಡಿ ತಿಳಿಸದೆ ಓಡಿದವನಿಗೆ ಹತ್ತು ವರ್ಷದವರೆಗೆ ಜೈಲು ಹೇಳಿದಾಗ 2024ರ ಜನವರಿಯಲ್ಲಿ ದೇಶದ ಉದ್ದಗಲಕ್ಕೂ ಡ್ರೈವರರು ಗಾಡಿ ನಿಲ್ಲಿಸಿದರು. ಜುಲೈ 1ರಂದು ಸಂಹಿತೆ ಜಾರಿಗೆ ಬಂದರೂ ಆ ಭಾಗವನ್ನು ತಡೆಹಿಡಿದರು. ಆ ಮುಷ್ಕರದಲ್ಲಿ ಕಂಡ ಸಿಟ್ಟಿನ ಹಿಂದಿರುವ ಸತ್ಯ ಸರ್ವರಿಗೂ ಗೊತ್ತು. ಟೈರ್ ಯಾರು ಬದಲಿಸಲಿಲ್ಲ, ಲೋಡ್ ಯಾರು ತುಂಬಿಸಿದರು, ನಿದ್ದೆ ಯಾರು ಕೆಡಿಸಿದರು ಎಂದು ಕೇಳದೆ, ಮೊದಲು ಜನರ ಕೈಗೂ ಪೊಲೀಸರ ಕೈಗೂ ಸಿಗುವವನು ಸ್ಟೇರಿಂಗ್ ಹಿಂದೆ ಕೂತವನು. ಜೈಲಿನ ಪಾಲು ಪೂರ್ತಿ ಅವನದಾಗಿರುವಾಗ ಯಾವ ಗಾಡಿ ಹತ್ತಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೂ ಪೂರ್ತಿ ಅವನದೇ ಆಗಬೇಕು.

ಇಷ್ಟಾದರೂ ಮನೆಯಲ್ಲಿ ತಂದೆ ತಾಯಿ "ತಡಕೊಂಡಿರು" ಎಂಬ ಅದೇ ಮಾತು ಹೇಳುತ್ತಾರೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಡ್ರೈವರನಿಗೆ ಹೆಣ್ಣು ಕೊಡಲು ಮೊದಲೇ ಹಿಂದೆ ಮುಂದೆ ನೋಡುತ್ತಾರೆ. ಅದರ ಮೇಲೆ "ಒಂದ ಕಡೆ ನಿಲ್ಲಂಗಿಲ್ಲ" ಎಂಬ ಹೆಸರು ಬಂದರೆ ಮಗನ ಬಾಳು ಏನಾಗಬೇಕು ಎಂಬ ಚಿಂತೆ. ಮಾಲಕ ಅದೇ ಊರಿನವನು, ಅದೇ ಓಣಿಯವನು, ಸೊಸೈಟಿಯ ಸಾಲಕ್ಕೆ ಜಾಮೀನು ಹಾಕಿದವನು. ಅವನ ಎದುರು ನಿಲ್ಲುವುದೆಂದರೆ ಊರಿನ ಎದುರು ನಿಂತಂತೆ. ಈ ಭಯದ ಮೇಲೆಯೇ ಗಾಡಿ ಬಿಡುವುದು ತಪ್ಪೆಂಬ ನಂಬಿಕೆ ಬೇರು ಬಿಟ್ಟಿರುವುದು. ಆ ತಂದೆಗೆ ನಾನು ಹೇಳುವುದಿಷ್ಟು: "ಕಾಕಾ, ಮಗ ಯಾಕ ಬಿಟ್ಟ ಅಂತ ಒಂದ ಸಲ ಕೂಡಿಸಿಕೊಂಡು ಕೇಳ್ರಿ. ಟೈರ್ ಹೆಂಗಿತ್ತು, ಎಷ್ಟು ತಾಸು ಮಲಗಿದ್ದ, ಕಾಟಾದಾಗ ಎಷ್ಟು ಟನ್ ಬಂತು ಕೇಳ್ರಿ. ಆಮ್ಯಾಗ ಬೇಕಾದ್ರ ಬೈರಿ."

ಮುಂದಿನ ಹಂಗಾಮಿಗೆ ದಸರೆಯ ಹೊತ್ತಿಗೇ ಉಚಲ್ ಹಂಚುವುದು ಶುರುವಾಗುತ್ತದೆ. ಅದಕ್ಕೆ ಕೈ ಒಡ್ಡುವ ಮೊದಲು ಹೊಸ ಲೈಸನ್ಸಿನ ಹುಡುಗರು ಮಾಲಕನ ಹತ್ತಿರ ಒಂದು ಹಾಳೆ ಬರೆಸಿಕೊಳ್ಳಲಿ: ಯಾವ ತಾರೀಖಿನಿಂದ ಕೆಲಸ, ಯಾವ ನಂಬರಿನ ಗಾಡಿ, ಪಗಾರ ಎಷ್ಟು, ದಿನದ ಭತ್ಯೆ ಎಷ್ಟು, ಉಚಲ್ ಎಷ್ಟು, ತಿಂಗಳಿಗೆ ಎಷ್ಟು ಹಿಡಿಯಬೇಕು, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು. ಇಬ್ಬರೂ ಸಹಿ ಹಾಕಲಿ, ಮೊಬೈಲಿನಲ್ಲಿ ಅದರ ಫೋಟೋ ಇರಲಿ. ಪ್ರತಿ ಟ್ರಿಪ್ಪಿನ ಬಿಲ್ಟಿಯ ಫೋಟೋ ತೆಗೆದಿಟ್ಟುಕೊಂಡರೆ ಎಲ್ಲಿಂದ ಎಲ್ಲಿಗೆ, ಯಾವ ಲೋಡಿನೊಂದಿಗೆ ಹೋದೆ ಎಂಬುದಕ್ಕೆ ತಾರೀಖು ಸಮೇತ ಪುರಾವೆ ಉಳಿಯುತ್ತದೆ. ಮುಂದೆ ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಯವರು ಅನುಭವ ಕೇಳಿದಾಗ ಹಳೆಯ ಮಾಲಕನ ಬಾಯಿಮಾತಿಗೆ ಕಾಯಬೇಕಿಲ್ಲ. ರಾಜ್ಯ ಸರಕಾರದ ಯೋಜನೆಯಲ್ಲಿ ಖಾಸಗಿ ವಾಣಿಜ್ಯ ವಾಹನದ ಡ್ರೈವರ್ ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಸಿಗುತ್ತದೆ. ಆ ಹಕ್ಕು ಡ್ರೈವರನದು, ಗಾಡಿ ಬದಲಿಸಿದರೂ ಅವನ ಜೊತೆಗೇ ಬರುತ್ತದೆ. ಅದರ ವಿವರ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಸಿಗುತ್ತದೆ, ಹೋಗಿ ಕೇಳಲಿ. ಆ ಒಂದು ಹಾಳೆಗೆ ಸಹಿ ಹಾಕಲು ಒಪ್ಪುವ ಮಾಲಕರು ಈ ಸೀಮೆಯಲ್ಲಿದ್ದಾರೆ, ಅವರ ಗಾಡಿಗಳಿಂದ ಹುಡುಗರು ಅಷ್ಟು ಸುಲಭವಾಗಿ ಇಳಿಯುವುದೂ ಇಲ್ಲ. ಒಪ್ಪದವರ ಗಾಡಿ ಖಾಲಿ ನಿಲ್ಲಲಿ.